ತಾಯಂದಿರ ಆರೋಗ್ಯಸೇವೆ: ಹಾವೇರಿ ಸೀಮೆಯ ನೆಲೆಯಿಂದ ಒಂದು ಸಮೀಕ್ಷೆ

ತಾಯಂದಿರ ಆರೋಗ್ಯಸೇವೆ ಎಂದರೆ ಬಸಿರು, ಹೆರಿಗೆ, ಬಾಣಂತನ ಈ ಮೂರು ಘಟ್ಟಗಳಲ್ಲಿ ಹೆಣ್ಣಿನ ಜೀವ, ಆರೋಗ್ಯ, ಮರ್ಯಾದೆಗಳನ್ನು ಕಾಯುವ ವ್ಯವಸ್ಥೆ. ಗರ್ಭ ನಿಂತ ದಿನದಿಂದ ಹೆರಿಗೆಯಾಗಿ 42 ದಿನಗಳವರೆಗಿನ ತಪಾಸಣೆ, ಆಹಾರ, ಔಷಧಿ, ನುರಿತ ಕೈಯಿಂದ ಹೆರಿಗೆ, ಬೇಕಾದಾಗ ರಕ್ತ, ಶಸ್ತ್ರಚಿಕಿತ್ಸೆ, ವಾಹನ ಎಲ್ಲವೂ ಇದರೊಳಗೆ ಬರುತ್ತವೆ. ಬಡ ದೇಶಗಳಲ್ಲಿ ಈ ಸೇವೆಗೆ ಎರಡು ಸವಾಲುಗಳಿವೆ. ಸೇವೆ ಊರಿನ ಕೊನೆಯ ಮನೆಗೂ ಎಟುಕಬೇಕು, ಇದು ಲಭ್ಯತೆಯ ಸವಾಲು. ಎಟುಕಿದ ಸೇವೆ ಜೀವ ಉಳಿಸುವಂತಿರಬೇಕು, ಇದು ಗುಣಮಟ್ಟದ ಸವಾಲು. ಕರ್ನಾಟಕ ಮೊದಲನೆಯದನ್ನು ಬಹುಮಟ್ಟಿಗೆ ಗೆದ್ದಿದೆ, ಎರಡನೆಯದರಲ್ಲಿ ಇನ್ನೂ ಅರ್ಧ ದಾರಿಯಲ್ಲಿದೆ. ಹಿರೇಕೆರೂರು ತಾಲೂಕಿನ ಚಿಕ್ಕೇರೂರಿನಂಥ ಊರಿನಲ್ಲಿ ನಿಂತು ನೋಡಿದರೆ ಈ ಎರಡೂ ಮಾತು ಸ್ಪಷ್ಟವಾಗಿ ಕಾಣುತ್ತವೆ.

ಅಳತೆ ಮತ್ತು ಅಂಕಿಅಂಶ

ಒಂದು ಲಕ್ಷ ಜೀವಂತ ಜನನಗಳಿಗೆ ಎಷ್ಟು ತಾಯಂದಿರು ಬಸಿರು ಇಲ್ಲವೇ ಹೆರಿಗೆಯ ಕಾರಣದಿಂದ ಸತ್ತರು ಎಂಬುದೇ ತಾಯಿ ಮರಣ ಪ್ರಮಾಣ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಇತರ ವಿಶ್ವಸಂಸ್ಥೆಯ ಅಂಗಗಳ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ ಸುಮಾರು 2 ಲಕ್ಷ 60 ಸಾವಿರ ತಾಯಂದಿರು ಹೀಗೆ ಸತ್ತರು. ಕಡಿಮೆ ಆದಾಯದ ದೇಶಗಳಲ್ಲಿ ಈ ಪ್ರಮಾಣ 346, ಶ್ರೀಮಂತ ದೇಶಗಳಲ್ಲಿ 10. ಹೆರಿಗೆ ಎಲ್ಲ ಕಡೆ ಒಂದೇ, ಅದರ ಸುತ್ತಲಿನ ಆರೈಕೆ ಮಾತ್ರ ಬೇರೆ ಬೇರೆ ಎಂಬುದನ್ನು ಈ ಎರಡು ಅಂಕಿಗಳೇ ಹೇಳುತ್ತವೆ. 2030ರೊಳಗೆ ಜಾಗತಿಕ ಪ್ರಮಾಣವನ್ನು 70ಕ್ಕಿಂತ ಕೆಳಗಿಳಿಸಬೇಕೆಂಬುದು ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಒಂದು.

ಭಾರತದ ಮಾದರಿ ನೋಂದಣಿ ವ್ಯವಸ್ಥೆಯ ಲೆಕ್ಕದಂತೆ ದೇಶದ ತಾಯಿ ಮರಣ ಪ್ರಮಾಣ 2001–03ರಲ್ಲಿ 301 ಇದ್ದದ್ದು 2018–20ಕ್ಕೆ 97ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಕರ್ನಾಟಕದ್ದು 228ರಿಂದ 69ಕ್ಕೆ ಬಂತು, 2019–21ರಲ್ಲಿ 63 ಆಯಿತು. ದೊಡ್ಡ ಸಾಧನೆಯೇ ಸರಿ. ಆದರೆ 2018–20ರಲ್ಲಿ ಕೇರಳ 19, ತೆಲಂಗಾಣ 43, ಆಂಧ್ರಪ್ರದೇಶ 45, ತಮಿಳುನಾಡು 54ರಲ್ಲಿದ್ದವು. ದಕ್ಷಿಣದ ಐದು ದೊಡ್ಡ ರಾಜ್ಯಗಳಲ್ಲಿ ಕರ್ನಾಟಕವೇ ಹಿಂದಿತ್ತು.

ಚಿಕ್ಕೇರೂರು ಸೀಮೆ

ಹಾವೇರಿ ಜಿಲ್ಲೆ 1997ರಲ್ಲಿ ಧಾರವಾಡದಿಂದ ಬೇರ್ಪಟ್ಟಿತು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳು ಮಲೆನಾಡಿನ ಸೆರಗಿಗೂ ಬಯಲುಸೀಮೆಗೂ ನಡುವೆ ಹರಡಿವೆ. ಗೋವಿನಜೋಳ, ಹತ್ತಿ, ಮೆಣಸಿನಕಾಯಿ, ಭತ್ತ ಇಲ್ಲಿನ ಬೆಳೆಗಳು. ಕಳೆ ತೆಗೆಯುವುದು, ಹತ್ತಿ ಬಿಡಿಸುವುದು, ಮೆಣಸಿನಕಾಯಿ ಹರಿಯುವುದು ಬಹುಪಾಲು ಹೆಂಗಸರ ಕೆಲಸ. ಕೂಲಿ ಕೈಬಿಟ್ಟರೆ ಸಂಸಾರ ನಡೆಯದ ಮನೆಗಳಲ್ಲಿ ಏಳೆಂಟು ತಿಂಗಳ ಬಸುರಿಯೂ ಹೊಲಕ್ಕೆ ಹೋಗುತ್ತಾಳೆ.

ಸರ್ಕಾರದ ಲೆಕ್ಕದಲ್ಲಿ ಬಯಲು ಪ್ರದೇಶದ ಸುಮಾರು 5 ಸಾವಿರ ಜನಕ್ಕೆ ಒಂದು ಉಪಕೇಂದ್ರ, 30 ಸಾವಿರಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 1 ಲಕ್ಷ 20 ಸಾವಿರಕ್ಕೆ ಒಂದು ಸಮುದಾಯ ಆರೋಗ್ಯ ಕೇಂದ್ರ ಇರಬೇಕು. ಅದರ ಮೇಲೆ ತಾಲೂಕು ಆಸ್ಪತ್ರೆ, ಹಾವೇರಿಯ ಜಿಲ್ಲಾ ಆಸ್ಪತ್ರೆ. ಇತ್ತೀಚಿನ ವರ್ಷಗಳಲ್ಲಿ ಹಾವೇರಿಗೆ ಸರ್ಕಾರಿ ವೈದ್ಯಕೀಯ ಕಾಲೇಜೂ ಬಂದಿದೆ. ಅಲ್ಲಿಗೂ ನೀಗದಿದ್ದರೆ ಹುಬ್ಬಳ್ಳಿ, ದಾವಣಗೆರೆ ಇಲ್ಲವೇ ಶಿವಮೊಗ್ಗ. 1957ರಲ್ಲಿ ಆರಂಭವಾದ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಉತ್ತರ ಕರ್ನಾಟಕದ ಕಷ್ಟದ ಹೆರಿಗೆಗಳಿಗೆ ಇಂದಿಗೂ ಕೊನೆಯ ಆಸರೆ. ಚಿಕ್ಕೇರೂರಿನಿಂದ ಅದು ರಸ್ತೆಯಲ್ಲಿ ನೂರು ಕಿಲೋಮೀಟರಿಗೂ ದೂರ. "ಹುಬ್ಬಳ್ಳಿಗೆ ಬರದು ಕೊಟ್ರು" ಎಂಬ ಮಾತು ಕೇಳಿದೊಡನೆ ಮನೆಯವರ ಎದೆ ಧಸಕ್ ಎನ್ನುವುದು ಈ ದೂರದಿಂದಲೇ.

ಇನ್ನೊಂದು ಸಂಗತಿ ಯಾವ ನಕ್ಷೆಯಲ್ಲೂ ಕಾಣುವುದಿಲ್ಲ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬುದು ಇಲ್ಲಿನ ರೂಢಿ. ಗಂಡನ ಊರಿನ ಆಶಾ, ಅಂದರೆ ಊರ ಆರೋಗ್ಯ ಕಾರ್ಯಕರ್ತೆ, ಬಸುರಿಯ ಹೆಸರು ಬರೆದುಕೊಂಡಿರುತ್ತಾಳೆ, ಅಲ್ಲಿನ ಸಿಸ್ಟರ್ ರಕ್ತದೊತ್ತಡ, ತೂಕ, ಹಿಮೋಗ್ಲೋಬಿನ್ ನೋಡಿ ತಾಯಿ ಕಾರ್ಡಿನಲ್ಲಿ ತುಂಬಿರುತ್ತಾಳೆ. ಕುಬಸದ (ಸೀಮಂತದ) ಕಾರ್ಯ ಮುಗಿಸಿಕೊಂಡು ಹುಡುಗಿ ತವರಿಗೆ ಹೊರಟಾಗ ಅವಳ ಆರೋಗ್ಯದ ಚರಿತ್ರೆಯೆಲ್ಲ ಆ ಒಂದು ಮಡಚಿದ ಕಾರ್ಡಿನಲ್ಲಿ ಇರುತ್ತದೆ. ಕಾರ್ಡು ಟ್ರಂಕಿನಲ್ಲಿ ಉಳಿದರೆ ತವರಿನ ಆಸ್ಪತ್ರೆಗೆ ಅವಳು ಹೊಸಬಳು. ಬಸಿರಿನ ಅತಿ ಸೂಕ್ಷ್ಮವಾದ ಕೊನೆಯ ಎರಡು ತಿಂಗಳಲ್ಲೇ ಆರೈಕೆಯ ಎಳೆ ಕಡಿಯುತ್ತದೆ. ಬಾಣಂತನ ಮುಗಿಸಿ ಮರಳುವಾಗ ಅದೇ ಎಳೆ ಮತ್ತೊಮ್ಮೆ ಕಡಿಯುತ್ತದೆ. ಗಂಡನ ಊರಿನ ಆಶಾ ತವರೂರಿನ ಆಶಾಗೆ ಒಂದು ಫೋನು ಮಾಡಿದರೆ ಸಾಕು, ಅದು ಕೂಡಿಕೊಳ್ಳುತ್ತದೆ.

ಸೂಲಗಿತ್ತಿಯಿಂದ ಆಶಾವರೆಗೆ

ಒಂದೆರಡು ತಲೆಮಾರಿನ ಹಿಂದೆ ಹೆರಿಗೆ ಮನೆಯ ಹೆಂಗಸರ ಕಾರ್ಯವಾಗಿತ್ತು. ಸೂಲಗಿತ್ತಿ ಬಂದು ಬೇನೆ ನೋಡಿ, ಮಗು ಹಿಡಿದು, ಹೊಕ್ಕುಳಬಳ್ಳಿ ಕತ್ತರಿಸಿ, ಬಾಣಂತಿಗೆ ಎಣ್ಣೆ ನೀರು ಹಾಕಿ ಹೋಗುತ್ತಿದ್ದಳು. ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮ ಈ ಪರಂಪರೆಯ ದೊಡ್ಡ ಹೆಸರು. ದುಡ್ಡು ಮುಟ್ಟದೆ ಸಾವಿರಾರು ಹೆರಿಗೆ ಮಾಡಿಸಿದ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಸೂಲಗಿತ್ತಿಯರ ಧೈರ್ಯ ಮತ್ತು ಅಂತಃಕರಣ ದೊಡ್ಡದು. ಆದರೆ ರಕ್ತ ನಿಲ್ಲದಿದ್ದಾಗ, ಮಗು ಅಡ್ಡಲಾಗಿದ್ದಾಗ, ಬಸುರಿಗೆ ಫಿಟ್ಸ್ ಬಂದಾಗ ಅವರ ಕೈಯಲ್ಲಿ ಮದ್ದಿರಲಿಲ್ಲ.

ಸ್ವಾತಂತ್ರ್ಯಾನಂತರ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಬಂದವು, ದಾಯಿಯರಿಗೆ ತರಬೇತಿ ಕೊಡುವ ಯತ್ನಗಳಾದವು. 1987ರಲ್ಲಿ ನೈರೋಬಿಯಲ್ಲಿ ನಡೆದ ಸುರಕ್ಷಿತ ತಾಯ್ತನ ಸಮ್ಮೇಳನದ ಬಳಿಕ ಜಗತ್ತಿನ ಗಮನ ಇತ್ತ ಹರಿಯಿತು. ಭಾರತದಲ್ಲಿ ನಿಜವಾದ ತಿರುವು ಬಂದದ್ದು 2005ರಲ್ಲಿ. ಆ ವರ್ಷ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಮತ್ತು ಜನನಿ ಸುರಕ್ಷಾ ಯೋಜನೆ ಆರಂಭವಾದವು, ಊರಿಗೊಬ್ಬ ಆಶಾ ಕಾರ್ಯಕರ್ತೆ ಬಂದಳು.

ಲಭ್ಯತೆ: ಆಸ್ಪತ್ರೆಯ ಬಾಗಿಲವರೆಗಿನ ದಾರಿ

ಜನನಿ ಸುರಕ್ಷಾ ಯೋಜನೆ ಆಸ್ಪತ್ರೆಯಲ್ಲಿ ಹೆತ್ತ ಬಡ ತಾಯಿಗೆ ನಗದು ಸಹಾಯ ಕೊಟ್ಟಿತು. ಕರ್ನಾಟಕ ಸರ್ಕಾರ ಅದಕ್ಕೆ ಪ್ರಸೂತಿ ಆರೈಕೆ, ಬಾಣಂತಿಗೂ ಮಗುವಿಗೂ ಬಟ್ಟೆಬರೆಯ ಮಡಿಲು ಕಿಟ್, ಖಾಸಗಿ ಆಸ್ಪತ್ರೆಯಲ್ಲೂ ಉಚಿತ ಹೆರಿಗೆಗೆ ಅವಕಾಶ ಕೊಡುವ ತಾಯಿ ಭಾಗ್ಯ ಯೋಜನೆಗಳನ್ನು ಸೇರಿಸಿತು. 2008ರ ನವೆಂಬರ್ 1ರಂದು ಆರೋಗ್ಯ ಕವಚ 108 ಆಂಬುಲೆನ್ಸ್ ಸೇವೆ ಶುರುವಾಯಿತು. ನಡುರಾತ್ರಿ ಟ್ರ್ಯಾಕ್ಟರ್ ಹುಡುಕುತ್ತಿದ್ದ ಮನೆಗಳಿಗೆ ಅದು ದೊಡ್ಡ ವರವಾಯಿತು. ಹೆರಿಗೆಯಾದ ತಾಯಿಯನ್ನು ಮನೆ ಮುಟ್ಟಿಸಲು ನಗು–ಮಗು ವಾಹನಗಳು ಬಂದವು. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್, ಔಷಧಿ, ರಕ್ತ, ಊಟ ಎಲ್ಲವೂ ಉಚಿತವೆಂದು ಸಾರಿತು. 2016ರಿಂದ ಪ್ರತಿ ತಿಂಗಳ 9ನೇ ತಾರೀಖು ಬಸುರಿಯರಿಗೆ ವೈದ್ಯರಿಂದಲೇ ತಪಾಸಣೆ ನಡೆಯುತ್ತಿದೆ. 2017ರಲ್ಲಿ ಬಂದ ಪ್ರಧಾನಮಂತ್ರಿ ಮಾತೃ ವಂದನಾ ಯೋಜನೆ ಚೊಚ್ಚಲ ತಾಯಿಗೆ 5 ಸಾವಿರ ರೂಪಾಯಿ ಕೊಡುತ್ತದೆ.

ಇವುಗಳ ಫಲ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳಲ್ಲಿ ಕಾಣುತ್ತದೆ. 2005–06ರಲ್ಲಿ ಕರ್ನಾಟಕದ ನೂರು ಹೆರಿಗೆಗಳಲ್ಲಿ ಸುಮಾರು 65 ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019–20ರ ಸಮೀಕ್ಷೆಯ ಹೊತ್ತಿಗೆ ಅದು 97ಕ್ಕೆ ಏರಿತ್ತು. ಒಂದು ತಲೆಮಾರಿನೊಳಗೆ ಹೆರಿಗೆ ಹಿತ್ತಲ ಕೋಣೆಯಿಂದ ಆಸ್ಪತ್ರೆಗೆ ಬಂತು. ಇದರ ಹಿಂದೆ ರಾತ್ರಿ ಬೇನೆ ಬಂದವಳ ಜೊತೆ ಆಂಬುಲೆನ್ಸಿನಲ್ಲಿ ಕೂತು ಹೋದ ಆಶಾ ಅಕ್ಕಂದಿರ ದುಡಿಮೆ ಇದೆ. ರಾಜ್ಯದಲ್ಲಿ ಸುಮಾರು 42 ಸಾವಿರ ಆಶಾಗಳಿದ್ದಾರೆ. ಅವರಿಗೆ ಸಂಬಳವಿಲ್ಲ, ಗೌರವಧನ ಮತ್ತು ಕೆಲಸಕ್ಕಿಷ್ಟು ಎಂಬ ಪ್ರೋತ್ಸಾಹಧನ ಮಾತ್ರ. ತಿಂಗಳಿಗೆ ಕನಿಷ್ಠ ಮೊತ್ತ ಖಾತ್ರಿ ಮಾಡಿ ಎಂದು ಅವರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂರಬೇಕಾಯಿತು.

ಸಾವಿನ ಕಾರಣಗಳು ಮತ್ತು ಮೂರು ತಡಗಳು

ತಾಯಂದಿರು ಸಾಯುವುದು ಬಹುತೇಕ ಕೆಲವೇ ಕಾರಣಗಳಿಂದ. ಹೆರಿಗೆಯ ನಂತರದ ರಕ್ತಸ್ರಾವ ಅವುಗಳಲ್ಲಿ ಮೊದಲನೆಯದು. ಬಸಿರಿನಲ್ಲಿ ರಕ್ತದೊತ್ತಡ ಏರಿ ಮುಖ, ಕೈಕಾಲು ಊದಿ, ಕಣ್ಣು ಮಂಜಾಗಿ ಕೊನೆಗೆ ಫಿಟ್ಸ್ ಬರುವ ಗರ್ಭನಂಜು ಇನ್ನೊಂದು. ಸೋಂಕು, ಮಗು ಅಡ್ಡಲಾಗಿ ಬೇನೆ ಸಿಕ್ಕಿಕೊಳ್ಳುವುದು, ಅಸುರಕ್ಷಿತ ಗರ್ಭಪಾತ ಉಳಿದವು. ಇವುಗಳ ಬೆನ್ನಿಗೆ ರಕ್ತಹೀನತೆ ನಿಂತಿರುತ್ತದೆ.

1994ರಲ್ಲಿ ತ್ಯಾಡಿಯಸ್ ಮತ್ತು ಮೇಯ್ನ್ ಎಂಬ ಸಂಶೋಧಕರು ಈ ಸಾವುಗಳನ್ನು ಮೂರು ತಡಗಳಾಗಿ ವಿವರಿಸಿದರು. ಮನೆಯಲ್ಲಿ ತೀರ್ಮಾನ ತೆಗೆದುಕೊಳ್ಳುವ ತಡ, ಆಸ್ಪತ್ರೆ ಮುಟ್ಟುವ ತಡ, ಮುಟ್ಟಿದ ಮೇಲೆ ಚಿಕಿತ್ಸೆ ಸಿಗುವ ತಡ. ಈ ವಿವರಣೆ ನಮ್ಮ ಹಳ್ಳಿಗಳಿಗೆ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಒಪ್ಪುತ್ತದೆ. "ಬಸುರಿ ಅಂದ ಮ್ಯಾಲ ಕಾಲು ಬಾಯೂದ ಸಹಜ" ಎಂದು ಕೂತದ್ದು ಮೊದಲ ತಡ. ದಾರಿ ಮತ್ತು ವಾಹನ ಎರಡನೆಯದು. ತಾಲೂಕು ಆಸ್ಪತ್ರೆಗೆ ಬಂದರೆ ಅರಿವಳಿಕೆ ವೈದ್ಯರು ರಜೆಯಲ್ಲಿ, ರಕ್ತ ಸಂಗ್ರಹ ಘಟಕದಲ್ಲಿ ಬೇಕಾದ ಗುಂಪಿನ ರಕ್ತವಿಲ್ಲ, ಅಲ್ಲಿಂದ ಮತ್ತೊಂದು ಊರಿಗೆ ಬರೆದುಕೊಡುತ್ತಾರೆ: ಇದು ಮೂರನೆಯದು. 108 ಮತ್ತು ಆಶಾ ಮೊದಲೆರಡನ್ನು ಬಹಳ ಕುಗ್ಗಿಸಿದ್ದಾರೆ. ಆಸ್ಪತ್ರೆಯ ಒಳಗಿನ ಮೂರನೆಯ ತಡವೇ ಇಂದಿನ ದೊಡ್ಡ ಸಮಸ್ಯೆ.

ಬೆಳಗಾವಿಯ ಪ್ರಯೋಗ

ರಕ್ತಸ್ರಾವದ ವಿರುದ್ಧ ಜಗತ್ತಿಗೇ ದಾರಿ ತೋರಿದ ಒಂದು ಅಧ್ಯಯನ ಹಾವೇರಿಗೆ ದೂರವಲ್ಲದ ಬೆಳಗಾವಿಯ ಹಳ್ಳಿಗಳಲ್ಲಿ ನಡೆಯಿತು. ಗರ್ಭಕೋಶವನ್ನು ಬಿಗಿಗೊಳಿಸಿ ರಕ್ತ ನಿಲ್ಲಿಸುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಕರೆಂಟ್ ಹೋಗಿ ಬರುವ ಉಪಕೇಂದ್ರದಲ್ಲಿ ಅದು ಕಷ್ಟ. ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಗೆ ಫ್ರಿಜ್ ಬೇಡ, ಸೂಜಿ ಬೇಡ. ಅದು ನಿಜಕ್ಕೂ ಕೆಲಸ ಮಾಡುತ್ತದೆಯೇ ಎಂದು ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರ ಜೊತೆಗೂಡಿ 1,620 ಹೆರಿಗೆಗಳಲ್ಲಿ ಪರೀಕ್ಷಿಸಿದರು. ಹೆರಿಗೆ ಮಾಡಿಸಿ ಮಾತ್ರೆ ಕೊಟ್ಟವರು ವೈದ್ಯರಲ್ಲ, ಹಳ್ಳಿಯ ಆರೋಗ್ಯ ಸಹಾಯಕಿಯರು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ರಕ್ತಸ್ರಾವ 12.0 ಶೇಕಡದಿಂದ 6.4 ಶೇಕಡಕ್ಕೆ ಇಳಿದಿತ್ತು. 18 ತಾಯಂದಿರಿಗೆ ಮಾತ್ರೆ ಕೊಟ್ಟರೆ ಒಬ್ಬಳ ರಕ್ತಸ್ರಾವ ತಪ್ಪುತ್ತದೆ ಎಂಬುದು ಅದರ ಸಾರ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ರಕ್ತಸ್ರಾವ ತಡೆಗಾಗಿ ಈ ಮಾತ್ರೆಯನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಆ ಅಧ್ಯಯನದಲ್ಲಿ ಬಳಸಿದ ಸಾಧನವೊಂದನ್ನು ಹತ್ತಿರದಿಂದ ನೋಡಬೇಕು. ಹೆರಿಗೆಯಾದ ತಕ್ಷಣ ತಾಯಿಯ ಸೊಂಟದ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ ಅದು. ಹಾಳೆಯ ತುದಿ ಆಲಿಕೆಯಂತೆ ಕಿರಿದಾಗಿ ಚೀಲವಾಗುತ್ತದೆ, ಚೀಲದ ಮೇಲೆ ಅಳತೆಯ ಗೆರೆಗಳಿವೆ. ರಕ್ತ ಚೀಲಕ್ಕಿಳಿದು ಗೆರೆಯಿಂದ ಗೆರೆಗೆ ಏರುತ್ತದೆ. ಹಳೆಯ ಪದ್ಧತಿಯಲ್ಲಿ ರಕ್ತ ಸೀರೆಗೆ, ಬಟ್ಟೆಗೆ, ನೆಲಕ್ಕೆ ಹರಿದು ಎಷ್ಟು ಹೋಯಿತೆಂದು ಕಣ್ಣಂದಾಜಿನಲ್ಲಿ ಹೇಳಬೇಕಿತ್ತು, ಆ ಅಂದಾಜು ಸಾಮಾನ್ಯವಾಗಿ ಕಡಿಮೆಯೇ. ಗೆರೆಯಿರುವ ಚೀಲ ಸುಳ್ಳು ಹೇಳುವುದಿಲ್ಲ.

ಇದೇ ಬಗೆಯ ಅಳತೆಯ ಹಾಳೆಯನ್ನು ಮುಂದೆ ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ ಎಂಬತ್ತು ಆಸ್ಪತ್ರೆಗಳಲ್ಲಿ ನಡೆದ ಇ–ಮೋಟಿವ್ ಪ್ರಯೋಗದಲ್ಲಿ ಬಳಸಲಾಯಿತು. ರಕ್ತಸ್ರಾವವನ್ನು ಬೇಗ ಗುರುತಿಸಿ, ಗರ್ಭಕೋಶ ನೀವಿ, ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆಮ್ಲ, ಸಲೈನ್ ಎಲ್ಲವನ್ನೂ ಒಂದಾದ ಮೇಲೊಂದು ಕಾಯದೆ ಒಟ್ಟಿಗೇ ಕೊಡುವುದು ಅದರ ವಿಧಾನ. 2023ರಲ್ಲಿ ಪ್ರಕಟವಾದ ಫಲಿತಾಂಶದಂತೆ ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವುದು, ಸಾವು ಇವು ಒಟ್ಟಾರೆ 60 ಶೇಕಡ ತಗ್ಗಿದವು. ಹೊಸ ಔಷಧಿ ಒಂದೂ ಇರಲಿಲ್ಲ. ಇದ್ದದ್ದನ್ನೇ ಸರಿಯಾದ ಹೊತ್ತಿಗೆ ಕೊಟ್ಟದ್ದೇ ಅಲ್ಲಿನ ಗೆಲುವು.

ಗುಣಮಟ್ಟ: ಬಾಗಿಲ ಒಳಗೆ

2018ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಆಯೋಗ, ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಚಿಕಿತ್ಸೆ ಸಿಗದೆ ಸಾಯುವವರಿಗಿಂತ ಕಳಪೆ ಚಿಕಿತ್ಸೆ ಸಿಕ್ಕು ಸಾಯುವವರೇ ಹೆಚ್ಚು ಎಂದು ಲೆಕ್ಕ ಹಾಕಿ ತೋರಿಸಿತು. ಕರ್ನಾಟಕದ ಅನುಭವವೂ ಇದಕ್ಕೆ ಸಾಕ್ಷಿ. 2022ರ ನವೆಂಬರಿನಲ್ಲಿ ತುಮಕೂರಿನಲ್ಲಿ ತಾಯಿ ಕಾರ್ಡ್, ಆಧಾರ್ ಇಲ್ಲವೆಂದು ವಾಪಸು ಕಳಿಸಿದ ಬಡ ಬಸುರಿಯೊಬ್ಬಳು ಮನೆಯಲ್ಲೇ ಅವಳಿ ಮಕ್ಕಳನ್ನು ಹೆತ್ತು, ಮೂವರೂ ಸತ್ತರು. ಆರೈಕೆಗೆಂದೇ ಹುಟ್ಟಿದ ಕಾರ್ಡು ಅಲ್ಲಿ ಬಾಗಿಲಿಗೆ ಅಡ್ಡಗಟ್ಟೆಯಾಯಿತು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ತಾಯಂದಿರು ಒಬ್ಬರ ಹಿಂದೊಬ್ಬರು ಕಣ್ಮುಚ್ಚಿದಾಗ ಅವರಿಗೆ ಹಾಕಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಶಂಕೆ ಬಂತು, ರಾಜ್ಯ ಸರ್ಕಾರ ಅದರ ಬಳಕೆ ನಿಲ್ಲಿಸಿ ತನಿಖೆಗೆ ಆದೇಶಿಸಿತು. ಆ ತಾಯಂದಿರು ಮಾಡಬೇಕಾದದ್ದನ್ನೆಲ್ಲ ಮಾಡಿದ್ದರು, ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಬಂದಿದ್ದರು. ಹಾವೇರಿ ಜಿಲ್ಲೆಯಲ್ಲೇ ರಾಣೆಬೆನ್ನೂರು ಭಾಗದ ಮಹಿಳೆಯರು, ಅವರಲ್ಲೂ ಲಂಬಾಣಿ ತಾಂಡಾಗಳವರು, ತಮ್ಮ ಗರ್ಭಕೋಶಗಳನ್ನು ಅನಗತ್ಯವಾಗಿ ತೆಗೆಯಲಾಯಿತೆಂದು ವರ್ಷಗಟ್ಟಲೆ ನ್ಯಾಯಕ್ಕಾಗಿ ಹೋರಾಡಿದ್ದಾರೆ. ನಂಬಿಕೆ ಒಮ್ಮೆ ಮುರಿದರೆ ಮುಂದಿನ ಬಸುರಿಯ ಮೊದಲ ತಡ ಅಲ್ಲಿಂದಲೇ ಹುಟ್ಟುತ್ತದೆ.

ಅತಿಯಾದ ಚಿಕಿತ್ಸೆಯೂ ಕಳಪೆ ಗುಣಮಟ್ಟವೇ. 2019–20ರಲ್ಲಿ ಕರ್ನಾಟಕದ 31.5 ಶೇಕಡ ಹೆರಿಗೆಗಳು ಸಿಸೇರಿಯನ್ ಆಗಿದ್ದವು, ನಾಲ್ಕೈದು ವರ್ಷದ ಹಿಂದೆ 23.6 ಇತ್ತು. ಬೇಕಾದ ಬಸುರಿಗೆ ಹಳ್ಳಿಯಲ್ಲಿ ಸಿಸೇರಿಯನ್ ಸಿಗದೆ, ಬೇಡವಾದವಳಿಗೆ ಪೇಟೆಯಲ್ಲಿ ಆಗುವ ವಿಪರ್ಯಾಸ ಇದರೊಳಗಿದೆ.

ಗುಣಮಟ್ಟ ಹೆಚ್ಚಿಸಲು ಒಳ್ಳೆಯ ಯತ್ನಗಳೂ ನಡೆದಿವೆ. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಮತ್ತು ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ ಸೇರಿ ಬಾಗಲಕೋಟೆ, ವಿಜಯಪುರ, ಕಲಬುರಗಿ, ಕೊಪ್ಪಳ ಮುಂತಾದ ಎಂಟು ಜಿಲ್ಲೆಗಳಲ್ಲಿ ನಡೆಸಿದ ಸುಕ್ಷೇಮ ಯೋಜನೆಯಲ್ಲಿ ಅನುಭವಿ ನರ್ಸ್‌ಗಳು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಹೋಗಿ ಅಲ್ಲಿನ ನರ್ಸ್‌ಗಳ ಪಕ್ಕದಲ್ಲೇ ನಿಂತು ಕೈಹಿಡಿದು ಕಲಿಸಿದರು. ಕೇಸ್‌ಶೀಟ್ ತುಂಬುತ್ತ ಹೋದಂತೆ ಮುಂದೇನು ಮಾಡಬೇಕೆಂದು ಅದೇ ತೋರಿಸುವಂತೆ ಅದನ್ನು ರೂಪಿಸಿದ್ದರು. 2017ರ ಲಕ್ಷ್ಯ ಕಾರ್ಯಕ್ರಮ ಹೆರಿಗೆ ಕೋಣೆ ಮತ್ತು ಶಸ್ತ್ರಚಿಕಿತ್ಸಾ ಕೋಣೆಗಳಿಗೆ ಗುಣಮಟ್ಟದ ಪ್ರಮಾಣಪತ್ರ ಕೊಡುತ್ತದೆ, ಹೆರಿಗೆ ಹೊತ್ತಿನಲ್ಲಿ ತಾಯಿಯ ಜೊತೆ ಒಬ್ಬರು ಇರಬಹುದೆಂದು ಒಪ್ಪುತ್ತದೆ. ಆದರೆ ಬರಿ ಪಟ್ಟಿ ಅಂಟಿಸಿದರೆ ಸಾಲದು. ಉತ್ತರ ಪ್ರದೇಶದ 120 ಆಸ್ಪತ್ರೆಗಳಲ್ಲಿ ಸುರಕ್ಷಿತ ಹೆರಿಗೆಯ ಪರಿಶೀಲನಾ ಪಟ್ಟಿ ಬಳಸಿ ನಡೆದ ದೊಡ್ಡ ಅಧ್ಯಯನದಲ್ಲಿ ಸಿಬ್ಬಂದಿಯ ರೂಢಿ ಸುಧಾರಿಸಿತು, ಸಾವಿನ ಪ್ರಮಾಣ ಇಳಿಯಲಿಲ್ಲ. ಪಟ್ಟಿಯ ಹಿಂದೆ ವೈದ್ಯರು, ರಕ್ತ, ಔಷಧಿ, ಮೇಲಿನ ಆಸ್ಪತ್ರೆಯ ನಂಟು ಎಲ್ಲವೂ ಇರಬೇಕೆಂಬುದೇ ಅದರ ಪಾಠ.

ಗೌರವವೂ ಗುಣಮಟ್ಟದ ಅಂಗ. ಬೇನೆಯಲ್ಲಿ ಕೂಗಿದವಳನ್ನು ಗದರಿಸುವುದು, ಗಂಡು ಹುಟ್ಟಿತೆಂದು ಖುಷಿಯ ದುಡ್ಡು ಕೇಳುವುದು, ಪರದೆಯಿಲ್ಲದೆ ಪರೀಕ್ಷಿಸುವುದು ಸಣ್ಣ ಮಾತಲ್ಲ. ಬೈಸಿಕೊಂಡ ಹೆಣ್ಣು ಮುಂದಿನ ಬಸಿರಿನಲ್ಲಿ ಆಸ್ಪತ್ರೆಗೆ ಹೋಗಲು ಹಿಂಜರಿಯುತ್ತಾಳೆ.

ರಕ್ತಹೀನತೆ, ಎಳೆಯ ಮದುವೆ, ಬಾಣಂತನ

ಹೆರಿಗೆಯ ದಿನ ನಡೆಯುವ ಎಷ್ಟೋ ಅನಾಹುತದ ಬೀಜ ವರ್ಷಗಳ ಹಿಂದೆಯೇ ಬಿದ್ದಿರುತ್ತದೆ. 2019–20ರ ಸಮೀಕ್ಷೆಯಂತೆ ಕರ್ನಾಟಕದ ಬಸುರಿಯರಲ್ಲಿ 45.7 ಶೇಕಡ ಮಂದಿಗೆ ರಕ್ತಹೀನತೆ ಇತ್ತು, 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ 21.3 ಶೇಕಡ 18 ತುಂಬುವ ಮೊದಲೇ ಮದುವೆಯಾಗಿದ್ದರು. ಹಿಂದಿನ ಸಮೀಕ್ಷೆಗೆ ಹೋಲಿಸಿದರೆ ಈ ಎರಡೂ ಅಂಕಿಗಳು ಹೆಚ್ಚುಕಡಿಮೆ ಅಲ್ಲೇ ನಿಂತಿವೆ. ಮೊದಲೇ ರಕ್ತ ಕಡಿಮೆಯಿರುವವಳು, ಗಟ್ಟಿಮುಟ್ಟಾದವಳು ತಾಳಿಕೊಳ್ಳುವಷ್ಟು ರಕ್ತಸ್ರಾವವನ್ನೂ ತಾಳಲಾರಳು. ಕಬ್ಬಿಣಾಂಶದ ಮಾತ್ರೆ ಉಚಿತ. ಆದರೆ ಮಲ ಕಪ್ಪಾಗುತ್ತದೆ, ಹೊಟ್ಟೆ ತೊಳಸುತ್ತದೆ, ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ಅಂಜಿಕೆಯಿಂದ ಎಷ್ಟೋ ಮಾತ್ರೆಗಳು ಹಾಗೇ ಉಳಿಯುತ್ತವೆ. ಊಟವಾದ ಮೇಲೆ ನುಂಗು, ಚಹಾದ ಜೊತೆ ಬೇಡ ಎಂದು ಕೂತು ಹೇಳುವವರಿದ್ದರೆ ಅವು ಹೊಟ್ಟೆ ಸೇರುತ್ತವೆ.

2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆ ಅಂಗನವಾಡಿಯಲ್ಲಿ ಬಸುರಿ, ಬಾಣಂತಿಯರಿಗೆ ಬಿಸಿಯೂಟ, ಮೊಟ್ಟೆ, ಹಾಲು ಕೊಡಲು ಬಂತು. ಆಶಯ ಒಳ್ಳೆಯದು. ಕೂಲಿಗೆ ಹೋದವಳು ಮಧ್ಯಾಹ್ನ ಅಂಗನವಾಡಿಗೆ ಬರಲಾರಳು, ಬಾಣಂತಿ ಹೊಸ್ತಿಲು ದಾಟುವ ರೂಢಿಯಿಲ್ಲ ಎಂಬ ಎರಡು ಸತ್ಯಗಳನ್ನು ಅದು ಎದುರಿಸಬೇಕಾಯಿತು.

ಬಾಣಂತನದಲ್ಲಿ ನಮ್ಮ ಕಡೆಯ ಅಂಟಿನ ಉಂಡಿ, ಅಳವಿ ಪಾಯಸ, ಸಬ್ಬಸಗಿ ಪಲ್ಯ, ಎಣ್ಣೆ ನೀರು, ದುಡಿಮೆಯಿಂದ ಬಿಡುವು ಇವೆಲ್ಲ ಉಳಿಸಿಕೊಳ್ಳಬೇಕಾದ ಆರೈಕೆ. ಕುಡಿಯಲು ನೀರೇ ಕೊಡದಿರುವುದು, ಕಿಟಕಿ ಮುಚ್ಚಿ ಹೊಗೆ ಹಾಕುವುದು ಬಿಡಬೇಕಾದವು. ಜ್ವರ, ದುರ್ವಾಸನೆಯ ಸ್ರಾವ, ತಲೆನೋವು, ನಿಲ್ಲದ ರಕ್ತ ಕಂಡರೆ "ಹಸಿ ಬಾಣಂತಿ, ಹೊರಗೆ ಬಿಡಬಾರದು" ಎನ್ನದೆ ಕೂಡಲೇ ಕರೆದೊಯ್ಯಬೇಕು.

ಬೇರೆ ನಾಡುಗಳ ಪಾಠ

ಶ್ರೀಲಂಕಾ ಶ್ರೀಮಂತವಾಗುವ ಮುಂಚೆಯೇ ಉಚಿತ ಆರೋಗ್ಯಸೇವೆ ಮತ್ತು ತರಬೇತಾದ ಸೂಲಗಿತ್ತಿಯರ ಜಾಲದಿಂದ ತಾಯಂದಿರ ಸಾವನ್ನು ಇಳಿಸಿತು. ನೇಪಾಳ ಆಸ್ಪತ್ರೆಗೆ ಬರುವ ಖರ್ಚನ್ನು ತಾಯಿಯ ಕೈಗೇ ಕೊಟ್ಟಿತು. ವೈದ್ಯರ ಕೊರತೆಯ ಮೊಜಾಂಬಿಕ್ 1980ರ ದಶಕದಲ್ಲೇ ವೈದ್ಯರಲ್ಲದ ಶಸ್ತ್ರಚಿಕಿತ್ಸಾ ತಂತ್ರಜ್ಞರಿಗೆ ಸಿಸೇರಿಯನ್ ಕಲಿಸಿತು. ನೆರೆಯ ಕೇರಳದಲ್ಲಿ ಪ್ರಸೂತಿ ತಜ್ಞರ ಒಕ್ಕೂಟ 2004ರಿಂದ ಪ್ರತಿ ತಾಯಿ ಮರಣವನ್ನು ಗುಟ್ಟು ಕಾಯ್ದು, ಯಾರನ್ನೂ ಗುರಿ ಮಾಡದೆ ಪರಿಶೀಲಿಸಿ, ಏಕೆ ಸತ್ತಳು, ಹೇಗೆ ಉಳಿಸಬಹುದಿತ್ತು ಎಂದು ಬರೆದಿಡುತ್ತ ಬಂದಿದೆ. ತಪ್ಪನ್ನು ಮುಚ್ಚದೆ ಅದರಿಂದ ಕಲಿಯುವ ಈ ಅಭ್ಯಾಸ ನಮಗೆ ಎಲ್ಲಕ್ಕಿಂತ ಹತ್ತಿರದ ಮಾದರಿ.

ಮುಂದಿನ ಕೆಲಸ

ಹಿರೇಕೆರೂರು, ಹಾನಗಲ್ಲ, ಸವಣೂರು, ಶಿಗ್ಗಾಂವಿಯಂಥ ಪ್ರತಿ ತಾಲೂಕು ಆಸ್ಪತ್ರೆಯಲ್ಲಿ ಹಗಲು ರಾತ್ರಿ ಪ್ರಸೂತಿ ತಜ್ಞರು, ಅರಿವಳಿಕೆ ವೈದ್ಯರು, ರಕ್ತ ಈ ಮೂರೂ ಒಟ್ಟಿಗೆ ಇರಬೇಕು. ಒಂದು ಇಲ್ಲದಿದ್ದರೆ ಉಳಿದೆರಡು ಇದ್ದೂ ಉಪಯೋಗವಿಲ್ಲ. ರೋಗಿಯನ್ನು ಬರೆದುಕೊಡುವ ಮುನ್ನ ಮೇಲಿನ ಆಸ್ಪತ್ರೆಗೆ ಫೋನು ಹೋಗಬೇಕು, ಗರ್ಭನಂಜಿನವಳಿಗೆ ಫಿಟ್ಸ್ ತಡೆಯುವ ಮೆಗ್ನೀಸಿಯಂ ಸಲ್ಫೇಟಿನ ಮೊದಲ ಡೋಸ್ ಕೊಟ್ಟೇ ಆಂಬುಲೆನ್ಸ್ ಹತ್ತಿಸಬೇಕು. ಹೆರಿಗೆ ಕೋಣೆಯಲ್ಲಿ ಕಣ್ಣಂದಾಜಿನ ಬದಲು ಅಳತೆಯ ಹಾಳೆ ಇರಬೇಕು. ಆಶಾಗೆ ಖಾತ್ರಿಯ ಸಂಬಳ, ನರ್ಸ್‌ಗೆ ಪಕ್ಕದಲ್ಲಿ ನಿಂತು ಕಲಿಸುವ ಗುರು, ತವರಿಗೆ ಬಂದ ಬಸುರಿಗೆ ಎರಡು ಊರುಗಳ ನಡುವೆ ಕಡಿಯದ ದಾಖಲೆ ಬೇಕು.

ಕರ್ನಾಟಕದಲ್ಲಿ ವರ್ಷಕ್ಕೆ 8 ಲಕ್ಷಕ್ಕೂ ಹೆಚ್ಚು ಮಕ್ಕಳು ಹುಟ್ಟುತ್ತಾರೆ. 2018–20ರ ಲೆಕ್ಕದಲ್ಲಿ ನಮಗೂ ಕೇರಳಕ್ಕೂ ಇದ್ದ ಅಂತರ ಲಕ್ಷಕ್ಕೆ 50. ಗುಣಿಸಿದರೆ ವರ್ಷಕ್ಕೆ ಸುಮಾರು ನಾನೂರು ತಾಯಂದಿರು. ಕೇರಳದಲ್ಲಿ ಹೆತ್ತಿದ್ದರೆ ಬದುಕಿ ಉಳಿಯುತ್ತಿದ್ದ ನಾನೂರು ಹೆಣ್ಣುಮಕ್ಕಳು. ಅವರಲ್ಲಿ ಬಹುತೇಕರು ಆಸ್ಪತ್ರೆಗೆ ಬಂದವರೇ. ಕುಬಸದ ಹಸಿರು ಬಳೆ ಕೈಯಲ್ಲಿರುವಾಗಲೇ ತವರಿನಿಂದ ಹೊರಟ ಅವರನ್ನು ಬಾಗಿಲಿನ ಒಳಗೆ ಉಳಿಸಿಕೊಳ್ಳುವುದೇ ಇನ್ನು ಮುಂದಿನ ಕೆಲಸ.